ಹಳೆಯ ರಸ್ತೆ ಮೋರಿಗಳು: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ತಪಾಸಣೆ ಮತ್ತು ಅಪಾಯದ ಅಂದಾಜು

ರಸ್ತೆಯ ಒಂದು ಬದಿಯ ನೀರನ್ನು ಅಡಿಯಿಂದ ಇನ್ನೊಂದು ಬದಿಗೆ ದಾಟಿಸುವ ಚಿಕ್ಕ ಕಟ್ಟಡಕ್ಕೆ ಮೋರಿ ಎಂದು ಹೆಸರು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಗಳು 6 ಮೀಟರ್ ಉದ್ದದವರೆಗಿನದನ್ನು ಮೋರಿ ಎಂದೂ, ಅಲ್ಲಿಂದ 60 ಮೀಟರ್‌ವರೆಗಿನದನ್ನು ಕಿರುಸೇತುವೆ ಎಂದೂ ಗುರುತಿಸುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳಲ್ಲಿ ಗುಡ್ಡದ ಓರೆಯನ್ನು ಕಡಿದು ಮಾಡಿದ ರಸ್ತೆಗಳೇ ಹೆಚ್ಚು. ಹಾಗಾಗಿ ಇಲ್ಲಿ ಒಂದೊಂದು ಕಿಲೋಮೀಟರಿಗೂ ಹಲವು ಮೋರಿಗಳಿವೆ. ವಾಹನದಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ಎರಡು ಬದಿಯ ಮೋಟುಗೋಡೆ ಮಾತ್ರ. ಮಳೆಗಾಲದಲ್ಲಿ ಊರಿನ ಸಂಪರ್ಕ ಕಡಿಯುವುದು ಬಹುಮಟ್ಟಿಗೆ ಈ ಮೋಟುಗೋಡೆಗಳ ನಡುವೆಯೇ. ದೊಡ್ಡ ಸೇತುವೆಗಳಿಗೆ ಎಂಜಿನಿಯರು, ಕಡತ, ಅನುದಾನ ಎಲ್ಲವೂ ಇರುತ್ತವೆ. ಮೋರಿಗೆ ಅದು ಕೊಚ್ಚಿಹೋದ ದಿನವಷ್ಟೇ ಲೆಕ್ಕ ಸಿಗುತ್ತದೆ.

ಈ ಸೀಮೆಯ ಮೋರಿಗಳನ್ನು ಅರಿಯಲು ಕಾಂಕ್ರೀಟಿನ ವಯಸ್ಸು ಕೇಳಿದರೆ ಸಾಲದು. ಮೋರಿಯ ಸುತ್ತ ತುಂಬಿದ ಮಣ್ಣು, ಅದರ ಮೇಲ್ಬದಿಯ ಗುಡ್ಡ, ಕೆಳಬದಿಯ ಗದ್ದೆ, ನಡುವೆ ನುಗ್ಗುವ ನೀರು ಇವೆಲ್ಲವನ್ನೂ ಒಟ್ಟಿಗೆ ನೋಡಬೇಕು.

ನೆಲ ಮತ್ತು ಮಳೆ

ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ದಾಟುತ್ತದೆ. ಹೊಸನಗರ ತಾಲೂಕಿನ ಹುಲಿಕಲ್ಲು, ಮಾಸ್ತಿಕಟ್ಟೆಗಳ ಕಡೆಯೂ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಿವೆ. ಪೂರ್ವಕ್ಕೆ ಸರಿದು ಆನಂದಪುರ, ರಿಪ್ಪನ್‌ಪೇಟೆಗಳ ಕಡೆ ಬಂದರೆ ಮಳೆ ತೀರಾ ಇಳಿಯುತ್ತದೆ. ಒಂದೇ ತಾಲೂಕಿನ ಎರಡು ತುದಿಗಳಲ್ಲಿ ಮೋರಿಗೆ ಬೇಕಾದ ಕಂಡಿಯ ಅಳತೆ ಬೇರೆಬೇರೆ ಎಂಬುದು ಇದರ ಅರ್ಥ. ಒಂದೇ ಮಾದರಿ ನಕ್ಷೆಯನ್ನು ಎಲ್ಲ ಕಡೆಗೂ ಹೊಂದಿಸುವ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ.

ಶರಾವತಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರಗಳನ್ನು ಹಾದು ಹೋಗುತ್ತದೆ. ವರದಾ ನದಿ ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟುತ್ತದೆ. ತುಂಗೆ ತೀರ್ಥಹಳ್ಳಿ ಪೇಟೆಯ ಪಕ್ಕದಲ್ಲೇ ಹರಿಯುತ್ತಾಳೆ. ಹರಿದ್ರಾವತಿ, ಮಾಲತಿ, ವಾರಾಹಿ, ಚಕ್ರಾ ಮುಂತಾದವುಗಳಿಗೆ ಸೇರುವ ಹೆಸರಿಲ್ಲದ ಹಳ್ಳಗಳು ಸಾವಿರಾರು. ಬೇಸಿಗೆಯಲ್ಲಿ ಬತ್ತಿ, ಆರಿದ್ರಾ ಪುನರ್ವಸು ಮಳೆಗಳಲ್ಲಿ ಗಂಟೆಯೊಳಗೆ ಉಕ್ಕುವ ಈ ಹಳ್ಳಗಳೇ ಮೋರಿಗಳ ಪಾಲಿನ ನೀರು.

ಮಣ್ಣಿನ ಕತೆಯೂ ಬೇರೆ. ಮೇಲೆ ಗಟ್ಟಿ ಜಂಬಿಟ್ಟಿಗೆ ಪದರ, ಅದರ ಕೆಳಗೆ ಅನೇಕ ಕಡೆ ನುಣುಪಾದ ಶೇಡಿ ಮಣ್ಣು. ಒಣಗಿದಾಗ ಇದು ಕಲ್ಲಿನಂತೆ ನಿಲ್ಲುತ್ತದೆ, ನೀರು ಕುಡಿದಾಗ ಕರಗಿ ಹರಿಯುತ್ತದೆ. ರಸ್ತೆಗೆಂದು ಧರೆ ಕಡಿದಾಗ ಶೇಡಿ ಪದರ ಹೊರಬಿದ್ದರೆ ಆ ಧರೆ ಪ್ರತಿ ಮಳೆಗಾಲದಲ್ಲೂ ಚರಂಡಿಗೆ ಇಳಿಯುತ್ತದೆ, ಚರಂಡಿಯಿಂದ ಮೋರಿಯ ಬಾಯಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ತೀರ್ಥಹಳ್ಳಿ ತಾಲೂಕಿನ ಹೆಗಲತ್ತಿಯಲ್ಲಿ ಗುಡ್ಡವೇ ಜಾರಿ ತೋಟ ಗದ್ದೆಗಳನ್ನು ಮುಚ್ಚಿತು. ಅಷ್ಟು ದೊಡ್ಡ ಕುಸಿತ ಅಪರೂಪ. ಗಾಡಿಯಷ್ಟು ಮಣ್ಣು ಜಾರಿ ಮೋರಿ ಕಟ್ಟಿಕೊಳ್ಳುವುದು ಮಾತ್ರ ಪ್ರತಿ ವರ್ಷದ ಮಾತು.

ನೆಲದ ಬಳಕೆ ಬದಲಾದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಂದೆ ಬಯಲಿನ ಭತ್ತದ ಗದ್ದೆಗಳು ಬದುವಿನೊಳಗೆ ನೀರು ಹಿಡಿದು ನಿಧಾನವಾಗಿ ಬಿಡುತ್ತಿದ್ದವು. ಈಗ ಅನೇಕ ಗದ್ದೆಗಳು ಅಡಿಕೆ ತೋಟಗಳಾಗಿವೆ. ತೋಟದ ಬಸಿಗಾಲುವೆಗಳ ಕೆಲಸವೇ ನೀರನ್ನು ಬೇಗ ಹೊರಹಾಕುವುದು. ಶುಂಠಿ ಹಾಕಲು ಸಡಿಲ ಮಾಡಿದ ಗುಡ್ಡದ ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ಕಾನು ಹೋಗಿ ಅಕೇಶಿಯಾ ನೆಡುತೋಪು ಬಂದ ಕಡೆಯೂ ನೆಲ ಮೊದಲಿನಂತೆ ನೀರು ಹೀರುವುದಿಲ್ಲ. ಐವತ್ತು ವರ್ಷಗಳ ಹಿಂದೆ ಸರಿಯಾಗಿದ್ದ ಮೋರಿ ಒಂದು ಬಿರುಕೂ ಬಿಡದೆ ಇಂದು ಸಾಲದಾಗಿರಬಹುದು.

ರಸ್ತೆಗಳ ವಯಸ್ಸು

ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ (1834–1861) ಕರಾವಳಿಗೆ ಘಟ್ಟ ಇಳಿಯುವ ಗಾಡಿರಸ್ತೆಗಳು ತೆರೆದವು. ಮೈಸೂರಿನ ಲೋಕೋಪಯೋಗಿ ಇಲಾಖೆ ಹುಟ್ಟಿದ್ದೂ ಆಗಲೇ, 1856ರಲ್ಲಿ. ಹೇರೆತ್ತುಗಳ ದಾರಿ ಎತ್ತಿನಗಾಡಿಯ ದಾರಿಯಾಯಿತು, ಆಮೇಲೆ ಬಸ್ಸಿನ ದಾರಿಯಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ ಶರಾವತಿ ಕಣಿವೆಯ ಊರುಗಳೂ ದಾರಿಗಳೂ ಮುಳುಗಿದ ಮೇಲೆ ಹಿನ್ನೀರಿನ ಅಂಚು ಬಳಸುವ ಹೊಸ ದಾರಿಗಳು ಬೇಕಾದವು. ಮುಂದೆ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟು, ಚಕ್ರಾ, ಸಾವೆಹಕ್ಲು ಜಲಾಶಯಗಳು ಬಂದಾಗಲೂ ಹೀಗೇ ಆಯಿತು. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಹಳ್ಳಿಗಳ ಮಣ್ಣುದಾರಿಗೆ ಡಾಂಬರು ತಂದವು.

ಹೀಗಾಗಿ ಒಂದೇ ರಸ್ತೆಯಲ್ಲಿ ಮೂರು ನಾಲ್ಕು ತಲೆಮಾರಿನ ಮೋರಿಗಳು ಸಿಗುತ್ತವೆ. ಅನೇಕ ಕಡೆ ಒಂದೇ ಮೋರಿಯ ಹೊಟ್ಟೆಯೊಳಗೂ ಎರಡು ಕಾಲಗಳಿವೆ. ನಡುವೆ ಹಳೆಯ ಜಂಬಿಟ್ಟಿಗೆಯ ಕಮಾನು, ರಸ್ತೆ ಅಗಲ ಮಾಡಿದಾಗ ಎರಡು ಕಡೆ ಜೋಡಿಸಿದ ಕಾಂಕ್ರೀಟು. ಹೊರಗಿನಿಂದ ನೋಡಿದವರು ಅದನ್ನು ಹೊಸದೆಂದೇ ಬರೆದುಕೊಂಡು ಹೋಗುತ್ತಾರೆ. ಹಳೆಯದಕ್ಕೂ ಹೊಸದಕ್ಕೂ ನಡುವಿನ ಬೆಸುಗೆಯ ಸಂದಿಯಲ್ಲೇ ಮಣ್ಣು ಜಾರುವುದರಿಂದ ಒಳಹೊಕ್ಕು ಅಥವಾ ಬಗ್ಗಿ ದೀಪ ಬಿಟ್ಟು ನೋಡದ ತಪಾಸಣೆಯನ್ನು ತಪಾಸಣೆ ಎನ್ನಲಾಗದು.

ಬಗೆಗಳು ಮತ್ತು ಅವುಗಳ ಮುಪ್ಪು

ಕಮಾನು ಮೋರಿ: ಜಂಬಿಟ್ಟಿಗೆ ಅಥವಾ ಕಗ್ಗಲ್ಲನ್ನು ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಕಮಾನಿನ ಬಲ ಕಲ್ಲುಗಳ ಪರಸ್ಪರ ಒತ್ತಡದಲ್ಲಿದೆ. ಗಾರೆ ಹೋದರೂ ಅದು ಬಹುಕಾಲ ನಿಲ್ಲುತ್ತದೆ, ಆದರೆ ಪಾದ ಕದಲಿದರೆ ನಿಲ್ಲದು. ಮಳೆಯಿಂದಲೇ ತುಂಬುವ ಇಲ್ಲಿನ ಹಳ್ಳಗಳ ನೀರು ಮೆದು. ಅದು ಗಾರೆಯ ಸುಣ್ಣವನ್ನು ಕರಗಿಸಿ ಹೊರಗೊಯ್ಯುತ್ತದೆ. ಕಮಾನಿನ ಹೊಟ್ಟೆಯಲ್ಲಿ ಬಿಳಿಯ ಜೋಲುಗಳು ಕಂಡರೆ ಮೇಲಿನ ರಸ್ತೆಯಿಂದ ನೀರು ಒಳಗಿಳಿಯುತ್ತಿದೆ, ಸುಣ್ಣ ಹೊರಬರುತ್ತಿದೆ ಎಂದೇ ತಿಳಿಯಬೇಕು. ಜಂಬಿಟ್ಟಿಗೆ ಗಾಳಿಗೆ ಗಟ್ಟಿಯಾಗುವ ಕಲ್ಲು. ಮೇಲಿನ ವರಸೆಗಳು ಚೆನ್ನಾಗಿದ್ದರೂ ವರ್ಷವಿಡೀ ಒದ್ದೆಯಿರುವ ಕೆಳಗಿನ ಎರಡು ಮೂರು ವರಸೆಗಳು ಮರಳುನೀರಿನ ಉಜ್ಜಾಟಕ್ಕೆ ಒಳಸರಿದು ಪೊಟರೆ ಬೀಳುತ್ತವೆ. ಅಲ್ಲಿಗೆ ಕೈ ಹಾಕಿ ನೋಡಬೇಕು, ಕಣ್ಣು ಸಾಲದು. ಕಮಾನಿನ ಬಿರುಕುಗಳಲ್ಲೂ ಭೇದವಿದೆ. ಮುಖಗೋಡೆಗೆ ಹತ್ತಿರ, ಅದರ ಗುಂಟ ಸಾಗುವ ಬಿರುಕು ಮುಖಗೋಡೆ ಹೊರಕ್ಕೆ ವಾಲುತ್ತಿರುವುದನ್ನು ಹೇಳುತ್ತದೆ. ನೆತ್ತಿಯ ಕಲ್ಲು ಕೆಳಗಿಳಿದಿದ್ದರೆ, ಅಥವಾ ಕಮಾನಿನ ಗೆರೆ ಒಂದು ಕಡೆ ಚಪ್ಪಟೆಯಾಗಿದ್ದರೆ ಪಾದ ಸರಿದಿದೆ. ಮೊದಲನೆಯದಕ್ಕೆ ದುರಸ್ತಿ, ಎರಡನೆಯದಕ್ಕೆ ಅಂದೇ ಭಾರಿ ವಾಹನ ನಿಲುಗಡೆ.

ಸ್ಲ್ಯಾಬ್ ಮೋರಿ: ಮೊದಲು ಕಲ್ಲುಚಪ್ಪಡಿ, ಆಮೇಲೆ ಕಂಬಿ ಹಾಕಿದ ಕಾಂಕ್ರೀಟು. ಕಾಂಕ್ರೀಟಿನ ಕ್ಷಾರಗುಣ ಇರುವವರೆಗೆ ಒಳಗಿನ ಕಂಬಿಗೆ ತುಕ್ಕಿಲ್ಲ. ಗಾಳಿಯ ಇಂಗಾಲಾಮ್ಲ ನಿಧಾನವಾಗಿ ಒಳಹೊಕ್ಕು ಆ ಗುಣವನ್ನು ಕಳೆಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ, ಅಡಿಯ ಕಾಂಕ್ರೀಟನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಮೇಲೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದದ್ದೂ ಸ್ಲ್ಯಾಬಿಗೆ ಹೊರೆಯೇ. ಮೋಟುಗೋಡೆ ಮೊಣಕಾಲಿನ ಎತ್ತರಕ್ಕೂ ಇಲ್ಲದಂತೆ ಕಂಡರೆ ಅದು ಗಿಡ್ಡವಾಗಿ ಕಟ್ಟಿದ್ದಲ್ಲ, ರಸ್ತೆಯೇ ಮೇಲೆದ್ದದ್ದು ಇರಬಹುದು.

ಪೈಪ್ ಮೋರಿ: ಸಿಮೆಂಟಿನ ಹ್ಯೂಮ್ ಪೈಪುಗಳ ಸಾಲು. ಗಿರಗಿರನೆ ತಿರುಗುವ ಅಚ್ಚಿನಲ್ಲಿ ಪೈಪು ಎರೆಯುವ ವಿದ್ಯೆ ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್‌ನದು. 1926ರಲ್ಲಿ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯ ಮೂಲಕ ಆ ಹೆಸರು ನಮ್ಮ ಹಳ್ಳಿಹಳ್ಳಿಗೂ ಬಂತು. ಅಗ್ಗ, ಬೇಗ ಆಗುವ ಕೆಲಸ. ಎರಡು ಪೈಪುಗಳ ನಡುವಿನ ಸಂದು ಇದರ ನಂಜು. ಅಡಿಗೆ ಸರಿಯಾದ ಹಾಸು ಇಲ್ಲದೆ ಮಣ್ಣಿನ ಮೇಲೆಯೇ ಉರುಳಿಸಿಟ್ಟ ಪೈಪು ಒಂದೆರಡು ಮಳೆಗಾಲದಲ್ಲಿ ಒಂದಿಷ್ಟು ಕುಸಿಯುತ್ತದೆ. ಸಂದು ಬಾಯಿ ಬಿಡುತ್ತದೆ. ಅಲ್ಲಿಂದ ಏರಿಯ ಮಣ್ಣು ಪೈಪಿನೊಳಗೆ ಸೋರತೊಡಗುತ್ತದೆ.

ಬಾಕ್ಸ್ ಮೋರಿ: ನಾಲ್ಕು ಮೈಯೂ ಒಂದಾಗಿ ಎರಕವಾದದ್ದು. ಅಡಿಯ ಹಾಸೂ ಜೊತೆಗೇ ಇರುವುದರಿಂದ ಮೆದು ನೆಲಕ್ಕೆ ಒಗ್ಗುತ್ತದೆ. ಇತ್ತೀಚಿನವೆಲ್ಲ ಬಹುಪಾಲು ಇವೇ, ಸದ್ಯಕ್ಕೆ ಇವುಗಳ ಚಿಂತೆ ಕಡಿಮೆ.

ನೀರಿನ ಲೆಕ್ಕ

ಮೋರಿ ಬೀಳುವುದು ಭಾರದಿಂದ ಎಂಬ ನಂಬಿಕೆ ವ್ಯಾಪಕವಾಗಿದೆ. ಮಲೆನಾಡಿನಲ್ಲಿ ಬೀಳಿಸುವುದು ಹೆಚ್ಚಾಗಿ ನೀರು. ಲಾರಿ ದಾಟುವಾಗ ಕುಸಿದರೂ ಅದಕ್ಕೂ ಮೊದಲು ನೀರು ಅಡಿಯ ಮಣ್ಣನ್ನು ಒಯ್ದಿರುತ್ತದೆ.

10 ಹೆಕ್ಟೇರ್ ಗುಡ್ಡದ ಮೇಲೆ ಗಂಟೆಗೆ 100 ಮಿಲಿಮೀಟರ್ ಬಿರುಸಿನಲ್ಲಿ ಮಳೆ ಸುರಿದು, ಬಿದ್ದ ನೀರಿನಲ್ಲಿ ನೂರಕ್ಕೆ 60 ಪಾಲು ಹರಿದುಬಂದರೆ ಮೋರಿಯ ಬಾಯಿಗೆ ಸೆಕೆಂಡಿಗೆ ಸುಮಾರು 1.7 ಘನಮೀಟರ್ ನೀರು ಬರುತ್ತದೆ. 600 ಮಿಲಿಮೀಟರ್ ವ್ಯಾಸದ ಪೈಪು, ನೀರು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ತುಂಬಿ ಹರಿದರೂ, ದಾಟಿಸುವುದು 0.85 ಘನಮೀಟರ್ ಮಾತ್ರ. ಬಂದ ನೀರಿನ ಅರ್ಧ ಮೇಲ್ಬದಿಯಲ್ಲೇ ನಿಂತು ಏರುತ್ತದೆ. ಒಂದೇ ಇಳಿಜಾರಿನಲ್ಲಿ ಪೈಪಿನ ವ್ಯಾಸವನ್ನು ಇಮ್ಮಡಿ ಮಾಡಿದರೆ ಹರಿವು ಆರು ಪಟ್ಟಿಗೂ ಹೆಚ್ಚಾಗುತ್ತದೆ. ಚಿಕ್ಕ ಪೈಪುಗಳನ್ನು ಎರಡು ಮೂರು ಸಾಲು ಇಡುವುದಕ್ಕಿಂತ ದೊಡ್ಡದೊಂದನ್ನು ಇಡುವುದು ಲೇಸು ಎಂಬುದಕ್ಕೆ ಇದೇ ಕಾರಣ. ಇನ್ನೊಂದು ಕಾರಣವನ್ನು ಊರವರು ಲೆಕ್ಕವಿಲ್ಲದೆಯೇ ಬಲ್ಲರು: ಚಿಕ್ಕ ಬಾಯಿಗೆ ಒಂದು ಬಿದಿರುಮೆಳೆ, ಒಂದು ಕೊರಡು, ಒಂದಷ್ಟು ಅಡಿಕೆ ಸೋಗೆ ಸಾಕು.

ನೀರು ಏರಿದ ಮೇಲೆ ದಾರಿ ಮೂರು. ರಸ್ತೆಯ ಮೇಲೇರಿ ದಾಟಿ ಕೆಳಬದಿಯ ಏರಿಯನ್ನು ಹಿಂದುಹಿಂದಕ್ಕೆ ಕಡಿಯುವುದು ಒಂದು. ಪೈಪಿನ ಹೊರಮೈ ಗುಂಟ ಮಣ್ಣಿನಲ್ಲೇ ಬಿಲ ಕೊರೆಯುವುದು ಇನ್ನೊಂದು. ಇದು ಎಲ್ಲಕ್ಕಿಂತ ಕಪಟಿ, ಹೊರಗೆ ಏನೂ ಕಾಣದು. ಹೊರಬಾಯಿಯಲ್ಲಿ ಧುಮುಕಿ ಕೆಳಗೆ ಮಡು ತೋಡಿ ಪಾದವನ್ನು ಬರಿದು ಮಾಡುವುದು ಮೂರನೆಯದು. 2006ರ ಜೂನಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅಂತರರಾಜ್ಯ ಹೆದ್ದಾರಿ 88ರ ಮೋರಿಯೊಂದು ಪ್ರವಾಹಕ್ಕೆ ಕೊಚ್ಚಿಹೋಯಿತು. ಎರಡು ಲಾರಿಗಳು ಕತ್ತಲಲ್ಲಿ ಆ ಕಂದಕಕ್ಕೆ ಉರುಳಿ ಚಾಲಕರಿಬ್ಬರೂ ಸತ್ತರು. ಸಂಪನ್ನ ದೇಶದ ಚತುಷ್ಪಥ ಹೆದ್ದಾರಿಯಲ್ಲೂ ಸಾವು ತಂದದ್ದು ರಸ್ತೆಯ ಕೆಳಗೆ ಯಾರ ಕಣ್ಣಿಗೂ ಬೀಳದ ಕೊಳವೆ.

ತಪಾಸಣೆ

ಸಂಹಿತೆಗಳು ವಾಡಿಕೆಯ ತಪಾಸಣೆ, ಆಳವಾದ ಮುಖ್ಯ ತಪಾಸಣೆ, ನೆರೆ ಅಪಘಾತಗಳ ನಂತರದ ವಿಶೇಷ ತಪಾಸಣೆ ಎಂದು ಮೂರು ಬಗೆ ಹೇಳುತ್ತವೆ. ಇವುಗಳ ಕೈಪಿಡಿ ಐಆರ್‌ಸಿ:ಎಸ್‌ಪಿ:35. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡುವುದು ರೂಢಿಯ ನಿಯಮ. ಈ ಸೀಮೆಗೆ ಇನ್ನೊಂದು ಸರದಿ ಬೇಕು: ಜುಲೈಯಲ್ಲಿ ಮಳೆ ಸುರಿಯುತ್ತಿರುವಾಗಲೇ, ದೂರದಲ್ಲಿ ನಿಂತು. ನೀರು ಎಲ್ಲಿಯವರೆಗೆ ಏರಿದೆ, ಮೇಲ್ಬದಿಯಲ್ಲಿ ಸುಳಿ ತಿರುಗುತ್ತಿದೆಯೇ, ಹೊರಬಾಯಿಯಲ್ಲಿ ಪೈಪಿನೊಳಗಿನಿಂದ ತಿಳಿನೀರು ಬರುತ್ತಿದ್ದರೆ ಅದರ ಪಕ್ಕದಿಂದ ಕೆಂಪು ರಾಡಿ ಬರುತ್ತಿದೆಯೇ ಎಂಬುದು ಬೇಸಿಗೆಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಪಕ್ಕದಿಂದ ರಾಡಿ ಬರುತ್ತಿದ್ದರೆ ಏರಿಯೊಳಗೆ ಬಿಲ ಬಿದ್ದಿದೆ.

ಮೊದಲ ಕೆಲಸ ಗುರುತು. ಇಲಾಖೆಯ ರಸ್ತೆಗಳಲ್ಲಿ ಮೋಟುಗೋಡೆಯ ಮೇಲೆ 24/2 ಎಂಬಂತೆ ಬರೆದಿರುತ್ತಾರೆ. 24ನೇ ಕಿಲೋಮೀಟರಿನ 2ನೇ ಕಟ್ಟಡ ಎಂದು ಅರ್ಥ. ಬಣ್ಣ ಮಾಸಿದ್ದರೆ, ಗೋಡೆಯೇ ಬಿದ್ದುಹೋಗಿದ್ದರೆ ಮೊದಲು ಆ ಸಂಖ್ಯೆ ಮರಳಿ ಬರಬೇಕು. ಗ್ರಾಮ ಪಂಚಾಯಿತಿ ರಸ್ತೆಗಳಲ್ಲಿ ಸಂಖ್ಯೆಯೇ ಇಲ್ಲದ ಮೋರಿಗಳು ಹೇರಳ. ಊರವರು ‘ಬಸರಿಮರದ ಮೋರಿ’, ‘ಭೂತನ ಕಟ್ಟೆ ಮೋರಿ’ ಎಂದು ಕರೆಯುವ ಹೆಸರನ್ನೂ, ಫೋನಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶವನ್ನೂ ಜೊತೆಗಿಟ್ಟು ಬರೆದುಕೊಂಡರೆ ಮುಂದಿನ ವರ್ಷ ಬರುವ ಬೇರೆ ಎಂಜಿನಿಯರೂ ಅದೇ ಮೋರಿಯನ್ನು ನೋಡುತ್ತಾರೆ.

ನೋಡುವ ಕ್ರಮ ಮೇಲಿನಿಂದ ಕೆಳಕ್ಕೆ. ರಸ್ತೆಯ ಮೇಲೆ ಮೋರಿಯ ನೇರಕ್ಕೆ ಒಂದು ತಗ್ಗು ಇದೆಯೇ? ಪ್ರತಿ ವರ್ಷ ಅದೇ ಜಾಗಕ್ಕೆ ಜಲ್ಲಿ ಡಾಂಬರು ತುಂಬಿದ್ದಾರೆಯೇ? ತುಂಬಿದಷ್ಟೂ ಇಳಿಯುತ್ತಿದ್ದರೆ ಮಣ್ಣು ಕೆಳಗೆಲ್ಲೋ ಹೋಗುತ್ತಿದೆ. ಇಂಥ ತಗ್ಗನ್ನು ಗುಂಡಿ ಎಂದು ಬಗೆದು ಮುಚ್ಚುವುದು ಈ ಭಾಗದ ಅತಿ ಸಾಮಾನ್ಯ, ಅತಿ ಅಪಾಯದ ತಪ್ಪು. ಆಮೇಲೆ ಅಂಚು: ಮೋಟುಗೋಡೆಯ ಹಿಂದೆ ಮಣ್ಣಿನಲ್ಲಿ ತೂತು ಬಿದ್ದಿದ್ದರೆ ಉದ್ದನೆಯ ಸಲಾಕೆ ಇಳಿಸಬೇಕು. ಸಲಾಕೆ ತಡೆಯಿಲ್ಲದೆ ಇಳಿದಷ್ಟು ಆಳವನ್ನು ಬರೆದುಕೊಳ್ಳಬೇಕು. ರೆಕ್ಕೆಗೋಡೆಯಲ್ಲಿ ಬೇರೂರಿದ ಅತ್ತಿ, ಆಲ, ಬಸರಿ ಗಿಡಗಳನ್ನು ಚಿಕ್ಕದಿರುವಾಗಲೇ ತೆಗೆಯಬೇಕು. ತೋಳು ಗಾತ್ರ ಬಂದ ಮೇಲೆ ಕಿತ್ತರೆ ಗೋಡೆಯೂ ಬರುತ್ತದೆ.

ಕೆಳಗಿಳಿದ ಮೇಲೆ ಸುತ್ತಿಗೆಯ ಕೆಲಸ. ಸ್ಲ್ಯಾಬಿನ ಅಡಿಯನ್ನು ಚಿಕ್ಕ ಸುತ್ತಿಗೆಯಿಂದ ಗೇಣುಗೇಣಿಗೆ ತಟ್ಟುತ್ತಾ ಹೋದರೆ ಗಟ್ಟಿ ಜಾಗ ‘ಟಣ್’ ಎನ್ನುತ್ತದೆ, ಒಳಗೆ ಪದರ ಬಿಟ್ಟ ಜಾಗ ‘ದಬ್’ ಎನ್ನುತ್ತದೆ. ದಬ್ ಎಂದ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ತಾರೀಕು ಬರೆದು, ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು. ಮುಂದಿನ ವರ್ಷ ಆ ಗೆರೆ ಎಷ್ಟು ಹಿಗ್ಗಿತು ಎಂಬುದೇ ನಿಜವಾದ ಮಾಹಿತಿ. ಆಗಷ್ಟೇ ಒಡೆದ ಕಾಂಕ್ರೀಟಿನ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಗಟ್ಟಿ ಉಳಿದ ಭಾಗ ಗುಲಾಬಿಯಾಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಬಣ್ಣವಿಲ್ಲದ ಪಟ್ಟಿ ಕಂಬಿಯವರೆಗೆ ಬಂದಿದ್ದರೆ ತುಕ್ಕು ಶುರುವಾಗಿದೆ ಅಥವಾ ಆಗಲಿದೆ. ಹೊರಬಾಯಿಯ ಮಡುವಿನ ಆಳವನ್ನು ಕೋಲಿನಿಂದ ಅಳೆದು, ಪಾದದ ಕೆಳಗೆ ಕೋಲು ತೂರುತ್ತದೆಯೇ ಎಂದು ನೋಡುವುದು ಕೊನೆಯದು. ಅಲ್ಲಿ ನೀರು ನಿಂತಿರುತ್ತದೆ, ಇಳಿಯಲು ಯಾರಿಗೂ ಮನಸ್ಸಾಗದು. ಅದಕ್ಕೇ ವರದಿಗಳಲ್ಲಿ ಅದೊಂದು ಅಂಕಣ ಖಾಲಿ ಬೀಳುವುದು ಹೆಚ್ಚು.

ತಪಾಸಣೆ ಮಾಡುವವರ ಜೀವದ ವಿಚಾರವೂ ಇಲ್ಲಿ ಮುಖ್ಯ. ಪೈಪಿನೊಳಗೆ ಒಬ್ಬರೇ ಹೋಗಬಾರದು. ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಬೇಕು. ಬಾಗಿ ನಡೆಯಲಾಗದಷ್ಟು ಚಿಕ್ಕ ಪೈಪಿಗೆ ಉದ್ದ ಕೋಲಿಗೆ ಕಟ್ಟಿದ ಕ್ಯಾಮೆರಾ ಸಾಕು. ಕಟ್ಟಿಕೊಂಡ ಮೋರಿಯಲ್ಲಿ ಕೊಳೆತ ಸೊಪ್ಪಿನ ಕೆಟ್ಟ ಗಾಳಿ ಇರುತ್ತದೆ, ಹಾವುಗಳಿಗೂ ಅದು ತಂಪಿನ ಜಾಗ. ಇದಕ್ಕಿಂತ ಕಾಣದ ಅಪಾಯ ಉಣುಗು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈ ಮೂರೂ ತಾಲೂಕುಗಳನ್ನು ಕಾಡಿದೆ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಅದು ಹಲವು ಜೀವ ತೆಗೆದುಕೊಂಡಿತು. ಉಣುಗಿನ ಕಾಟ ಜೋರಾಗುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಮೋರಿ ಒಣಗಿ ತಪಾಸಣೆಗೆ ಅನುಕೂಲವಾಗುವ ತಿಂಗಳುಗಳಲ್ಲೇ. ಕಾಡಂಚಿನ ಮೋರಿಗೆ ಇಳಿಯುವವರು ಮೈಗೆ ಡೇಪಾ ಎಣ್ಣೆ ಹಚ್ಚಿ, ಕಾಲು ಮುಚ್ಚುವ ಬಟ್ಟೆ ತೊಟ್ಟು ಹೋಗಬೇಕು. ಮಂಗ ಸತ್ತ ಸುದ್ದಿ ಇರುವ ಜಾಗಕ್ಕೆ ಆರೋಗ್ಯ ಇಲಾಖೆಯನ್ನು ಕೇಳದೆ ಇಳಿಯಬಾರದು.

ಅಪಾಯದ ಅಂದಾಜು

ಅಪಾಯ ಎಂದರೆ ಎರಡು ಸಂಗತಿಗಳ ಗುಣಾಕಾರ: ಮೋರಿ ಸೋಲುವ ಸಂಭವ ಎಷ್ಟು, ಸೋತರೆ ಆಗುವ ಹಾನಿ ಎಷ್ಟು. ಎರಡನ್ನೂ 1ರಿಂದ 5ರವರೆಗಿನ ಅಂಕಗಳಲ್ಲಿ ಇಟ್ಟು ಗುಣಿಸುವುದು ಸರಳ ರೀತಿ. ಕಷ್ಟವಿರುವುದು ಎರಡನೆಯ ಅಂಕ ಕೊಡುವಲ್ಲಿ.

ಎರಡು ಕಲ್ಪಿತ ಮೋರಿಗಳನ್ನು ಇಟ್ಟುಕೊಳ್ಳೋಣ. ಒಂದು ಹೆದ್ದಾರಿಯದು. ಸ್ಲ್ಯಾಬಿನ ಕಂಬಿ ಹೊರಬಿದ್ದಿದೆ, ನೋಡಿದರೆ ಭಯವಾಗುತ್ತದೆ. ಆದರೆ ಎತ್ತರ ಒಂದೂವರೆ ಮೀಟರ್, ಹಳ್ಳ ಸಣ್ಣದು, ಪಕ್ಕದಲ್ಲೇ ಬದಲಿ ದಾರಿ. ಇನ್ನೊಂದು ಹಳ್ಳಿಯ ಕೊನೆಯ ಮನೆಗಳಿಗೆ ಹೋಗುವ ರಸ್ತೆಯ ಪೈಪು ಮೋರಿ. ಪೈಪಿಗೆ ಬಿರುಕಿಲ್ಲ. ಮೇಲೆ ನಾಲ್ಕು ಮೀಟರ್ ಮಣ್ಣಿನ ಏರಿ, ಅಂಚಿನಲ್ಲಿ ಸಲಾಕೆ ಒಂದು ಮೀಟರ್ ಇಳಿಯುವ ತೂತು, ಬೆಳಿಗ್ಗೆ ಶಾಲೆಯ ವ್ಯಾನು, ಬೇರೆ ದಾರಿಯೇ ಇಲ್ಲ. ವಾಹನಗಳ ಸಂಖ್ಯೆಯನ್ನಷ್ಟೇ ನೋಡುವ ಪಟ್ಟಿಯಲ್ಲಿ ಮೊದಲನೆಯದು ಮೇಲೆ ಬರುತ್ತದೆ. ಮಲೆನಾಡಿನಲ್ಲಿ ಎರಡನೆಯದೇ ಮೇಲಿರಬೇಕು. ಬಳಸುದಾರಿಯ ಉದ್ದ, ಆಂಬುಲೆನ್ಸು ಬರುವ ಹೊತ್ತು, ಏರಿಯ ಎತ್ತರ, ರಾತ್ರಿ ಕಾಣುವ ಗುರುತು ಇವು ಇಲ್ಲಿ ವಾಹನಗಣತಿಗಿಂತ ತೂಕದವು.

ಭಾರದ ಲೆಕ್ಕವೂ ಬದಲಾಗಿದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಎರಡು ಆಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ, ಮೂರು ಆಕ್ಸಲಿನದನ್ನು 25ರಿಂದ 28.5 ಟನ್ನಿಗೆ ಏರಿಸಿತು. ಕಾಗದದ ಮಿತಿ ಅಷ್ಟು. ಒದ್ದೆ ಮರಳು, ಜಂಬಿಟ್ಟಿಗೆ, ಅಕೇಶಿಯಾ ದಿಮ್ಮಿ ಹೇರಿದ ಲಾರಿ ಹಳ್ಳಿರಸ್ತೆಯಲ್ಲಿ ಎಷ್ಟು ತೂಗುತ್ತದೆ ಎಂಬುದಕ್ಕೆ ಅಲ್ಲಿ ತೂಕದ ಯಂತ್ರವಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಮಿಕ್ಕ ಆ ಸೇತುವೆ ಶರಾವತಿ ಹಿನ್ನೀರಿನಾಚೆಯ ಜನರ ಆರು ದಶಕದ ಬೇಡಿಕೆ. ಅಲ್ಲಿಯವರೆಗೆ ಲಾಂಚು ಎಷ್ಟು ಹೊರುತ್ತಿತ್ತೋ ಅಷ್ಟೇ ವಾಹನ ಆಚೆಗೆ ಹೋಗುತ್ತಿತ್ತು. ಈಗ ಆ ತಡೆಯಿಲ್ಲ. ಆಚೆ ದಡದ ಕರೂರು, ಬಾರಂಗಿ ಹೋಬಳಿಗಳ ಒಳರಸ್ತೆಗಳ ಪ್ರತಿ ಮೋರಿಯನ್ನೂ ಹೊಸ ಹೊರೆಯ ಕಣ್ಣಿನಿಂದ ಮತ್ತೆ ನೋಡಬೇಕಾದ ಕಾಲ ಇದು.

ನೀರು ಮೇಲೇರಿದ ಮೋರಿ ದಾಟುವ ಅಪಾಯಕ್ಕೂ ಅಳತೆಯಿದೆ. ರಭಸದ ನೀರು 15 ಸೆಂಟಿಮೀಟರ್ ಇದ್ದರೆ ದೊಡ್ಡವರ ಕಾಲು ಕೀಳುತ್ತದೆ, 30 ಸೆಂಟಿಮೀಟರಿಗೆ ಸಣ್ಣ ಕಾರು ತೇಲುತ್ತದೆ, 60ಕ್ಕೆ ಹೆಚ್ಚಿನ ವಾಹನಗಳೆಲ್ಲ ಹೋಗುತ್ತವೆ. ಮೋಟುಗೋಡೆಯ ಮೇಲೆ ಈ ಮೂರು ಎತ್ತರಗಳಿಗೆ ಬಣ್ಣದ ಪಟ್ಟಿ ಬಳಿಯಲು ಆಗುವ ಖರ್ಚು ಒಂದು ಡಬ್ಬಿ ಬಣ್ಣದ್ದು.

ಲೆಕ್ಕದಿಂದ ಹೊರಗಿರುವವು

2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಕಲ್ಲುಕಮಾನು ಸೇತುವೆ ಬಸ್ಸುಗಳ ಸಮೇತ ಕೊಚ್ಚಿಹೋಯಿತು. ಅದೇ ಅಕ್ಟೋಬರಿನಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯ ಸೇತುವೆಗಳ ದಾಖಲೆ ವ್ಯವಸ್ಥೆಯೊಂದನ್ನು ಆರಂಭಿಸಿತು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಅದು ಎಣಿಸಿದ 1,72,517 ಕಟ್ಟಡಗಳಲ್ಲಿ 1,34,229 ಮೋರಿಗಳೇ ಆಗಿದ್ದವು. ಒಂದೊಂದಕ್ಕೂ ಗುರುತಿನ ಸಂಖ್ಯೆ, ಸ್ಥಿತಿಯ ಅಂಕ ಸಿಕ್ಕಿತು. ತೀರ್ಥಹಳ್ಳಿಯನ್ನು ಹಾಯುವ ಹೆದ್ದಾರಿ 169, ಅಲ್ಲಿಂದ ಆಗುಂಬೆ ಇಳಿಯುವ 169ಎ, ಬೈಂದೂರಿನಿಂದ ನಾಗೋಡಿ, ಹೊಸನಗರ, ಆನಂದಪುರಗಳನ್ನು ಹಾದುಹೋಗುವ 766ಸಿ ಇವೆಲ್ಲ ರಾಷ್ಟ್ರೀಯ ಹೆದ್ದಾರಿಗಳು. ಇವುಗಳಿಂದ ಕವಲೊಡೆಯುವ ಲೋಕೋಪಯೋಗಿ, ಪಂಚಾಯತ್ ರಾಜ್, ಗ್ರಾಮ ಪಂಚಾಯಿತಿ ರಸ್ತೆಗಳಿಗೆ, ಅಣೆಕಟ್ಟುಗಳ ಬಳಿಯ ವಿದ್ಯುತ್ ನಿಗಮದ ದಾರಿಗಳಿಗೆ, ಅರಣ್ಯದ ದಾರಿಗಳಿಗೆ ಒಬ್ಬೊಬ್ಬ ಒಡೆಯ. ನೀರು ಈ ಗಡಿಗಳನ್ನು ಕೇಳುವುದಿಲ್ಲ. ಮೇಲಿನ ಪಂಚಾಯಿತಿ ಮೋರಿ ಕಿತ್ತುಹೋದರೆ ಅದರ ಕಲ್ಲು, ಪೈಪು, ಮಣ್ಣು ಕೆಳಗಿನ ಹೆದ್ದಾರಿ ಮೋರಿಯ ಬಾಯಿಗೇ ಬಂದು ಬೀಳುತ್ತವೆ. ಹಾಗಾಗಿ ಪಟ್ಟಿ ಮಾಡಬೇಕಾದ್ದು ರಸ್ತೆವಾರು ಅಲ್ಲ, ಹಳ್ಳವಾರು ಎಂಬುದು ಈ ಲೇಖಕನ ದೃಢ ಅಭಿಪ್ರಾಯ.

ಅಮೆರಿಕದಲ್ಲೂ ಇಂಥದೇ ಕೊರತೆ ಉಳಿದಿದೆ. 1967ರಲ್ಲಿ ಸಿಲ್ವರ್ ಬ್ರಿಡ್ಜ್ ಬಿದ್ದ ಮೇಲೆ ಅಲ್ಲಿ ಸೇತುವೆ ತಪಾಸಣೆ ಕಡ್ಡಾಯವಾಯಿತು. ಆದರೆ ಆ ನಿಯಮ 20 ಅಡಿಗಿಂತ ಉದ್ದದವಕ್ಕೆ ಮಾತ್ರ, ಅಂದರೆ ನಾವು ಮೋರಿ ಎನ್ನುವುದೆಲ್ಲ ಹೆಚ್ಚುಕಡಿಮೆ ಹೊರಗೇ. ನಮ್ಮಲ್ಲಿ 2024ರ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಎಲ್ಲೆಡೆ ಸೇತುವೆಗಳ ಮಾತು ಎದ್ದಿತು. ಮೋರಿಗಳ ಮಾತು ಏಳಲಿಲ್ಲ.

ಮೋರಿಯೂ ಇಲ್ಲದ ಕಡೆ ಕಾಲುಸಂಕವಿದೆ: ಎರಡು ಮೂರು ಅಡಿಕೆ ಮರ ಅಥವಾ ದಿಮ್ಮಿ ಹಾಸಿ, ಹಿಡಿಯಲು ಬಳ್ಳಿಯನ್ನೋ ಬಿದಿರನ್ನೋ ಕಟ್ಟಿದ ದಾರಿ. 2022ರ ಆಗಸ್ಟಿನಲ್ಲಿ ಘಟ್ಟದ ಕೆಳಗೆ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಮಲೆನಾಡು ಕರಾವಳಿಯ ಶಾಲಾಮಕ್ಕಳಿಗಾಗಿ ರಾಜ್ಯ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಕಿರುಸೇತುವೆಗಳನ್ನು ಕಟ್ಟಿಸಿದೆ. ಅವುಗಳಿಗೂ ಮುಪ್ಪು ಬರುತ್ತದೆ. ಕಟ್ಟಿದ ವರ್ಷವೇ ತಪಾಸಣೆಯ ಪುಸ್ತಕ ತೆರೆದರೆ ಒಳಿತು.

ದುರಸ್ತಿ

ಅತಿ ಅಗ್ಗದ ದುರಸ್ತಿ ಹೂಳೆತ್ತುವುದು. ಮೇ ತಿಂಗಳೊಳಗೆ ಚರಂಡಿ, ಮೋರಿಯ ಬಾಯಿ ಬಿಡಿಸಿ, ತೆಗೆದ ಮಣ್ಣನ್ನು ಅಲ್ಲೇ ಅಂಚಿಗೆ ರಾಶಿ ಹಾಕದೆ ಸಾಗಿಸಿದರೆ ಅರ್ಧ ಅಪಾಯ ಅಲ್ಲಿಗೇ ಇಳಿಯುತ್ತದೆ. ಹೊರಬಾಯಿಗೆ ದೊಡ್ಡ ಕಲ್ಲು ಹಾಸಿ ಕೆಳಗೆ ಅಡ್ಡಗೋಡೆ ಇಳಿಸಿದರೆ ಕೊರೆತ ನಿಲ್ಲುತ್ತದೆ. ಕಮಾನಿಗೆ ಸಿಮೆಂಟಿನ ಗಟ್ಟಿ ಗಾರೆ ಮೆತ್ತುವುದಕ್ಕಿಂತ ಸುಣ್ಣ ಬೆರೆತ ಗಾರೆ ತುಂಬುವುದು ಮೇಲು. ಜಂಬಿಟ್ಟಿಗೆಯ ಉಸಿರು ಕಟ್ಟುವುದಿಲ್ಲ. ಬಿರುಕಿನ ಪೈಪಿನೊಳಗೆ ಇನ್ನೊಂದು ಪೈಪು ತೂರಿಸುವ ಹೊಸ ವಿಧಾನ ನಗರಗಳಿಗೆ ಸರಿ, ಇಲ್ಲಿ ಅದು ಮೊದಲೇ ಸಾಲದ ಕಂಡಿಯನ್ನು ಇನ್ನೂ ಕಿರಿದು ಮಾಡುತ್ತದೆ. ಕೊಚ್ಚಿಹೋದ ಜಾಗಕ್ಕೆ ಅದೇ ಅಳತೆಯ ಪೈಪನ್ನು ಮತ್ತೆ ಕೂರಿಸಿದರೆ ಅದೇ ಕತೆ ಮತ್ತೆ ನಡೆಯುತ್ತದೆ. ಹೊಸ ಕಂಡಿಯ ಅಳತೆ ಆ ಹಳ್ಳ ಅಂದು ಮುಟ್ಟಿದ ಮಟ್ಟದಿಂದ ಬರಬೇಕು. ಆ ಮಟ್ಟ ಮರದ ಬೊಡ್ಡೆಯ ಕೆಸರುಗೆರೆಯಲ್ಲಿ, ಬೇಲಿಗೆ ಸಿಕ್ಕಿಕೊಂಡ ಕಸದಲ್ಲಿ, ಪಕ್ಕದ ಮನೆಯ ಹಿರಿಯರ ನೆನಪಿನಲ್ಲಿ ಇರುತ್ತದೆ.

ಹೊಸದನ್ನು ಕೂರಿಸುವಾಗ ಅಡಿಮಟ್ಟವನ್ನು ಹಳ್ಳದ ತಳಕ್ಕಿಂತ ಸ್ವಲ್ಪ ಕೆಳಗಿಡಬೇಕು. ಮುಂಗಾರಿನ ಮೊದಲ ನೀರಿಗೆ ಹತ್ತುಮೀನು ಹೊಳೆಯಿಂದ ಗದ್ದೆಬಯಲಿಗೆ ಏರುವುದು ಈ ಹಳ್ಳಗಳ ಗುಂಟವೇ. ಹೊರಬಾಯಿ ಗಾಳಿಯಲ್ಲಿ ನೇತಾಡುವ ಪೈಪನ್ನು ಅವು ಹತ್ತಲಾರವು. ಅಂಥ ಪೈಪಿನ ಕೆಳಗೆ ಮಡು ಬೀಳುವುದೂ ಖಚಿತ. ಮೀನಿಗೆಂದು ಮೋರಿಯ ಬಾಯಿಗೇ ಬಿದಿರಿನ ಕೂಣಿ ಇಟ್ಟು ಮರೆತು ಹೋಗುವುದನ್ನು ಮಾತ್ರ ಊರವರೇ ತಡೆಯಬೇಕು. ಕೂಣಿಗೆ ಸೊಪ್ಪು ಕಟ್ಟಿಕೊಂಡರೆ ನೀರಿಗೆ ದಾರಿಯಿಲ್ಲ.

ದುರಸ್ತಿಗೆ ಹಣ ಬರುವವರೆಗಿನ ಅವಧಿಗೆ ಉಳಿದಿರುವುದು ತಡೆ. 2022ರ ಜುಲೈಯಲ್ಲಿ ಆಗುಂಬೆ ಘಾಟಿಯಲ್ಲಿ ಧರೆ ಕುಸಿದಾಗ ಜಿಲ್ಲಾಡಳಿತ ಸಂಚಾರ ನಿಲ್ಲಿಸಿತು. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದು ಈಗ ವಾಡಿಕೆಯಾಗಿದೆ. ಹಳ್ಳಿಯ ರಸ್ತೆಗೂ ಇದೇ ಕ್ರಮ ಬೇಕು. ಅಂಕ ಹೆಚ್ಚಿದ ಮೋರಿಯ ಎರಡೂ ಕಡೆ, ಲಾರಿ ಹಿಂದೆ ತಿರುಗಿಸಲು ಜಾಗವಿರುವ ಕೂಡುರಸ್ತೆಯಲ್ಲೇ, ತೂಕದ ಮಿತಿ ಬರೆದ ಫಲಕ ಮತ್ತು ಎತ್ತರ ತಡೆಯುವ ಕಬ್ಬಿಣದ ಕಮಾನು ನಿಲ್ಲಿಸಬೇಕು. ಮೋರಿಯ ಹತ್ತಿರವೇ ಫಲಕ ಹಾಕಿದರೆ ಅಲ್ಲಿಯವರೆಗೆ ಬಂದ ಲಾರಿ ಹಿಂದಕ್ಕೆ ಹೋಗುವುದಿಲ್ಲ.